ಉಳಿತಾಯ ಒಲೆ ಹೊತ್ತಿಸುವ ಮೊದಲು
(ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯವರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದ ಕೂಡಲೆ ವಂಕಿ, ಗುಳಿಗೆ, ಶಸ್ತ್ರಚಿಕಿತ್ಸೆಗಳ ಮಾತೇ ಬರುವುದೆಂದು ನೀವು ಎಣಿಸಿರಬಹುದು. ಇಂದು ಆ ವಿಷಯವನ್ನು ಬದಿಗಿರಿಸಿ ನಿಮ್ಮ ಅಡುಗೆಮನೆಯ ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಕೆಲವು ತಿಂಗಳ ಹಿಂದೆ, ಏಳು ತಿಂಗಳು ತುಂಬಿದ ಗರ್ಭಿಣಿಯೊಬ್ಬರು ವಾಂತಿಭೇದಿಯಿಂದ ಬಳಲುತ್ತ ಆಸ್ಪತ್ರೆಗೆ ಬಂದರು. ಹಿಂದಿನ ದಿನದ ಬೇಳೆಸಾರು ಹಳಸಿ ನೊರೆ ಬಂದಿತ್ತು. ಗಂಡನಿಗೂ ಮಕ್ಕಳಿಗೂ ಬಿಸಿ ಅಡುಗೆ ಬಡಿಸಿ, ಚೆಲ್ಲುವುದೇಕೆಂದು ಆ ಸಾರನ್ನು ಮತ್ತೆ ಕುದಿಸಿ ತಾವೊಬ್ಬರೇ ಉಂಡಿದ್ದರು. ಉಳಿದದ್ದು ಒಂದು ಬಟ್ಟಲು ಸಾರು. ಕಳೆದದ್ದು ಬಾಡಿಗೆ ವಾಹನದ ಹಣ ಮತ್ತು ಗಂಡನ ಎರಡು ದಿನದ ಕೂಲಿ. ರಕ್ತವನ್ನು ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರ ಇತ್ತು. ಗರ್ಭಿಣಿಯಲ್ಲಿ ಅದು 11 ಗ್ರಾಂಗಿಂತ ಕಡಿಮೆಯಾಗಬಾರದು.

ನಮ್ಮ ಮನೆಯಲ್ಲಿ ಒಂದಗುಳೂ ಪೋಲಾಗುವುದಿಲ್ಲವೆಂದು ಹೆಮ್ಮೆಪಡುವವರು ಬಹಳ. ಪೋಲಾಗದೆ ಅದು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದರೆ, ಕೊನೆಯಲ್ಲಿ ಉಣ್ಣುವ ಹೆಂಗಸಿನ ಹೊಟ್ಟೆಗೆ ಹೋಗುತ್ತದೆ. ವೈದ್ಯನಾಗಿ ನಾನು ಇದನ್ನು ಉಳಿತಾಯವೆಂದು ಒಪ್ಪಲಾರೆ. ಹಳಸಿದ ಪದಾರ್ಥವನ್ನು ಕುದಿಸಿದರೆ ಕ್ರಿಮಿಗಳು ಸಾಯಬಹುದು. ಆದರೆ ಅವು ಬಿಟ್ಟ ಕೆಲವು ವಿಷಗಳು ಕುದಿಯುವ ಶಾಖಕ್ಕೂ ನಾಶವಾಗುವುದಿಲ್ಲ. ರಾತ್ರಿಯ ಅನ್ನಕ್ಕೆ ಶುದ್ಧವಾದ ನೀರು ಹಾಕಿ, ಬೆಳಿಗ್ಗೆ ಮಜ್ಜಿಗೆ ಬೆರೆಸಿ ಉಣ್ಣುವ ತಂಗಳನ್ನದ ಮಾತು ಬೇರೆ. ಅದು ಹಿರಿಯರ ಒಳ್ಳೆಯ ರೂಢಿ. ಬೇಳೆ, ತೆಂಗಿನಕಾಯಿ ಹಾಕಿದ ಸಾರು ಬೇಸಿಗೆಯಲ್ಲಿ ಬೆಳಗಿನವರೆಗೆ ಕೆಡದೆ ಇರುವುದು ಕಷ್ಟ.

ಹಾಗಾದರೆ ಉಳಿಯದಂತೆ ಅಡುಗೆ ಮಾಡಬೇಕು. ಇದರಲ್ಲಿ ಗಂಡಸರ ಹೊಣೆಯೇ ಹೆಚ್ಚೆಂದು ಹೇಳಿದರೆ ನೀವು ಬೇಸರಪಡಬಾರದು. ರಾತ್ರಿ ಊಟಕ್ಕೆ ಬರುತ್ತೇನೋ ಇಲ್ಲವೋ, ಜೊತೆಗೆ ಯಾರಾದರೂ ಬರುವರೋ ಎಂಬುದನ್ನು ಹೊರಡುವಾಗಲೇ ಹೇಳಿ ಹೋಗುವವರು ಎಷ್ಟು ಮಂದಿ? ಪೇಟೆಯಲ್ಲಿ ತಿಂಡಿ ತಿಂದು ಬಂದು 'ನನಗೆ ಊಟ ಬೇಡ' ಎಂದವರಲ್ಲಿ ನಾನೂ ಒಬ್ಬ. ನನ್ನ ಪಾಲು ಮರುದಿನ ಯಾರ ತಟ್ಟೆಯಲ್ಲಿತ್ತೆಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ. ದಿನಕ್ಕೆ ಒಂದು ಹಿಡಿ, ಎಂದರೆ ಸುಮಾರು 50 ಗ್ರಾಂ ಅಕ್ಕಿ ಹೆಚ್ಚಾಗಿ ಬಿದ್ದರೆ ವರ್ಷಕ್ಕೆ 18 ಕಿಲೋ ಆಯಿತು. ಕಿಲೋಗೆ 50 ರೂಪಾಯಿ ಹಿಡಿದರೂ 900 ರೂಪಾಯಿ. ಮಕ್ಕಳಿಗೆ ಮೊಟ್ಟೆ, ಹಾಲು ಕೊಳ್ಳಲು ಹಣವಿಲ್ಲವೆಂಬ ಮನೆಗೆ ಇದು ಸಣ್ಣ ಮೊತ್ತವಲ್ಲ.

ಇನ್ನು ಕಾಳುಕಡ್ಡಿಗಳ ಸಂಗ್ರಹ. ರಾಗಿಯನ್ನು ನಮ್ಮ ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಅದರ ಕಾಳು ಸಣ್ಣದಾದುದರಿಂದ ಹುಳುವಿನ ಕಾಟ ಕಡಿಮೆ. ಹಿಟ್ಟಿಗೆ ಆ ಗುಣವಿಲ್ಲ. ಹದಿನೈದು ದಿನಕ್ಕೆ ಸಾಲುವಷ್ಟನ್ನೇ ಬೀಸಿಸಿರಿ. ಹೆಸರು, ಅಲಸಂದೆ, ತೊಗರಿಗಳಿಗೆ ಹುಳು ಹೊಲದಲ್ಲಿಯೇ ಮೊಟ್ಟೆಯಿಟ್ಟಿರುತ್ತದೆ. ಹಲ್ಲಿನಲ್ಲಿ ಕಚ್ಚಿದಾಗ ಕಟಕ್ಕೆಂದು ಮುರಿಯುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಆರಿದ ಮೇಲೆ ಕಿಲೋಗೆ ಒಂದು ಸಣ್ಣ ಚಮಚದಷ್ಟು ಅಡುಗೆಯ ಎಣ್ಣೆ ಸವರಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಬೇಕು. ಕಾಳಿಗೆ ಹಾಕುವ ವಿಷದ ಗುಳಿಗೆಯನ್ನು ವಾಸದ ಮನೆಯಲ್ಲಿ ಎಂದಿಗೂ ಬಳಸಕೂಡದು. ಅದರ ಅನಿಲ ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲದು.

ಬೂಷ್ಟು ಹಿಡಿದ ಜೋಳ, ಕಡಲೆಕಾಯಿಗಳ ವಿಷಯದಲ್ಲಿ ಮಾತ್ರ ಉಳಿತಾಯದ ಮಾತೇ ಬೇಡ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಜನರ ಹಳ್ಳಿಗಳಲ್ಲಿ, ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಬೇರೆ ಗತಿಯಿಲ್ಲದೆ ತಿಂದ ಬಡವರಲ್ಲಿ ಕಾಮಾಲೆ ಹಬ್ಬಿ, ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಊಟವನ್ನು ತಿಂದ ಮನೆಯ ನಾಯಿಗಳಿಗೂ ಅದೇ ರೋಗ ಬಂದಿತು. ಅಫ್ಲಟಾಕ್ಸಿನ್ ಎಂಬ ಈ ವಿಷ ಯಕೃತ್ತನ್ನು ಕೆಡಿಸುತ್ತದೆ. ತೊಳೆದರೂ ಬೇಯಿಸಿದರೂ ಹೋಗದು. ಅಂಥ ಕಾಳನ್ನಾಗಲಿ ಹಿಂಡಿಯನ್ನಾಗಲಿ ಹಸುವಿಗೂ ಹಾಕಬೇಡಿ. ವಿಷದ ಅಂಶ ಹಾಲಿಗೆ ಇಳಿದು ಮರಳಿ ಮಗುವಿನ ಲೋಟಕ್ಕೇ ಬರುತ್ತದೆ.

ಕೆಟ್ಟದ್ದನ್ನು ತಿಂದು ಉಳಿಸುವ ನಾವು, ಒಳ್ಳೆಯದನ್ನು ಚೆಲ್ಲುವುದೂ ಉಂಟು. ಸಂತೆಯಲ್ಲಿ ಮೂಲಂಗಿಯನ್ನು ಕೊಂಡು ಸೊಪ್ಪನ್ನು ಅಲ್ಲಿಯೇ ಮುರಿದೆಸೆಯುತ್ತೇವೆ. ಗಡ್ಡೆಗಿಂತ ಸೊಪ್ಪಿನಲ್ಲಿಯೇ ಜೀವಸತ್ವ, ಸುಣ್ಣದ ಅಂಶಗಳು ಹೆಚ್ಚು. ಹಿತ್ತಲಿನ ನುಗ್ಗೆಯ ಸೊಪ್ಪಿಗೆ ಕಾಸೂ ಖರ್ಚಿಲ್ಲ. ಅಕ್ಕಿಯನ್ನು ನಾಲ್ಕೈದು ಸಲ ಉಜ್ಜಿ ತೊಳೆದು, ಬೆಂದ ಮೇಲೆ ಗಂಜಿ ಬಸಿದು ಚೆಲ್ಲಿದರೆ ಬಿ ಜೀವಸತ್ವದ ಬಹುಭಾಗ ಮೋರಿಯ ಪಾಲು. ಒಂದೆರಡು ಸಲ ಹಗುರವಾಗಿ ತೊಳೆದು, ಹಿಡಿಯುವಷ್ಟೇ ನೀರಿಟ್ಟು ಬೇಯಿಸಿರಿ. ಬಸಿಯಲೇಬೇಕಾದರೆ ಗಂಜಿಗೆ ಉಪ್ಪು, ಮಜ್ಜಿಗೆ ಸೇರಿಸಿ ಕುಡಿಯಿರಿ. ಇದನ್ನು ನಮ್ಮ ಹೆಂಗಸರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿ, ಉಳಿದುದನ್ನು ಪಲ್ಯ ಮಾಡುವ ಜಾಣತನ ಯಾವ ವೈದ್ಯನೂ ಹೇಳಿಕೊಟ್ಟದ್ದಲ್ಲ.

ಸಂತೆಗೆ ಹೋಗುವ ಯಜಮಾನರು ಡಬ್ಬಿಗಳಲ್ಲಿ ಏನಿದೆಯೆಂದು ಮನೆಯಾಕೆಯನ್ನು ಕೇಳಿ, ಚೀಟಿ ಬರೆದುಕೊಂಡು ಹೊರಡಬೇಕು. ಅಗ್ಗವೆಂದು ಐದು ಕಿಲೋ ಟೊಮ್ಯಾಟೊ ತಂದರೆ, ಕೊಳೆತ ಎರಡು ಕಿಲೋದ ಬೆಲೆಯನ್ನೂ ಅದಕ್ಕೆ ಸೇರಿಸಿ ಲೆಕ್ಕ ಹಾಕಬೇಕಾಗುತ್ತದೆ.

ಇಂದು ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತು, ಪಾತ್ರೆಯಲ್ಲಿರುವುದನ್ನು ಮೊದಲೇ ಎಲ್ಲರಿಗೂ ಪಾಲು ಮಾಡಿ ನೋಡಿರಿ. ಗರ್ಭಿಣಿಯ ಪಾಲು ಮೊದಲು ಬೀಳಲಿ.

ಸಭೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಗರ್ಭಿಣಿಯರ ಮತ್ತು ಹಾಲೂಡಿಸುವ ತಾಯಂದಿರ ರಕ್ತ ಪರೀಕ್ಷೆ ಇದೆ. ದಯಮಾಡಿ ಗಂಡಂದಿರೂ ಜೊತೆಯಲ್ಲಿ ಬಂದು, ಬರುವ ಅಂಕಿಯನ್ನು ಕೇಳಿಕೊಂಡು ಹೋಗಬೇಕು.