ಘಟಿಕೋತ್ಸವಕ್ಕೆ ಜೋಡಿಯಾಗಿ ಹೋಗಿರಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತಾಡುವುದು ವಾಡಿಕೆ. ಆ ಕೆಲಸಕ್ಕೆ ನಮಗಿಂತ ಸಮರ್ಥರು ಈ ವೇದಿಕೆಯ ಮೇಲೆಯೇ ಕುಳಿತಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯ ಸಣ್ಣದು; ಆದರೆ ನಮ್ಮ ನಿಮ್ಮೆಲ್ಲರ ಮನೆಗಳಿಗೆ ಸೇರಿದ್ದು. ಮದುವೆಯಾದ ಮೇಲೆ ಉಚ್ಚ ಪದವಿ ಪಡೆಯುವವರು ತಮ್ಮ ಘಟಿಕೋತ್ಸವಕ್ಕೆ ಹೋಗಬೇಕೆ ಬೇಡವೆ, ಹೋಗುವುದಾದರೆ ಒಬ್ಬರೇ ಹೋಗಬೇಕೆ, ಇಬ್ಬರೂ ಹೋಗಬೇಕೆ? ಇದೇ ಪ್ರಶ್ನೆ.

ಇದೇನು ದೊಡ್ಡ ಪ್ರಶ್ನೆ ಎಂದು ನೀವು ಕೇಳಬಹುದು. ಶುಲ್ಕ ಕಟ್ಟಿ, ಗೈರುಹಾಜರಿಯಲ್ಲಿ ಪದವಿ ಕೊಡಿರೆಂದು ಅರ್ಜಿಯಲ್ಲಿ ಗುರುತು ಮಾಡಿದರೆ ಪದವಿಪತ್ರವು ಅಂಚೆಯಲ್ಲಿಯೇ ಮನೆಗೆ ಬರುತ್ತದೆ. ಮುಂಬಯಿಯಂಥ ಊರಿನಲ್ಲಿ ಎರಡು ದಿನದ ರಜೆಯೆಂದರೆ ಹಬ್ಬಕ್ಕೋ ಮಕ್ಕಳ ಜ್ವರಕ್ಕೋ ಕೂಡಿಟ್ಟ ಆಸ್ತಿ. ಅದನ್ನು ಒಂದು ಕಾಗದಕ್ಕಾಗಿ ಕಳೆಯುವುದು ಜಾಣತನವೆ? ಲೆಕ್ಕದವರಾದ ನಮಗೂ ಮೊದಲು ಹೀಗೆಯೇ ತೋರಿತ್ತು. ಈಗ ಲೆಕ್ಕ ಬೇರೆಯಾಗಿದೆ. ಅದನ್ನೇ ತಮ್ಮ ಮುಂದೆ ಬಿಚ್ಚಿಡುತ್ತೇವೆ.

ಮೊದಲು ಪದವನ್ನು ನೋಡೋಣ. ಘಟಿಕೆ, ಘಟಿಕಾಸ್ಥಾನ ಎಂದರೆ ಹಿಂದಿನ ಕಾಲದ ಉಚ್ಚ ವಿದ್ಯಾಕೇಂದ್ರ. ಕದಂಬರ ಮೂಲಪುರುಷನಾದ ಮಯೂರಶರ್ಮನು ತನ್ನ ಗುರು ವೀರಶರ್ಮನ ಜೊತೆಯಲ್ಲಿ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದನೆಂದು ತಾಳಗುಂದದ ಶಾಸನವು ತಿಳಿಸುತ್ತದೆ. ಅಲ್ಲಿ ಪಲ್ಲವರ ಕುದುರೆಯ ಸವಾರರೊಡನೆ ಜಗಳವಾಗಿ, ಅವನು ಓದನ್ನು ಬಿಟ್ಟು ಕತ್ತಿ ಹಿಡಿದನು. ಓದು ಅರ್ಧಕ್ಕೆ ನಿಂತಿತು, ರಾಜ್ಯ ಕೈಗೆ ಬಂತು. ನಮ್ಮಂಥವರಿಗೆ ಆ ಅನುಕೂಲವಿಲ್ಲ. ಪರೀಕ್ಷೆ ಪಾಸು ಮಾಡಿಯೇ ತೀರಬೇಕು. ಆದರೆ ಒಂದು ಮಾತನ್ನು ಗಮನಿಸಬೇಕು. ಅಷ್ಟು ಹಿಂದೆಯೂ ವಿದ್ಯೆಗಾಗಿ ದೂರದೂರಿಗೆ ಹೋಗುವವನು ಒಬ್ಬನೇ ಹೋಗಲಿಲ್ಲ. ಜೊತೆಗೆ ತನ್ನವರೆಂಬ ಒಬ್ಬರು ಇದ್ದರು.

ಇನ್ನೊಂದು ಪದ ಸ್ನಾತಕ. ಗುರುಕುಲದ ಓದು ಮುಗಿದ ಮೇಲೆ ಸಮಾವರ್ತನವೆಂಬ ಕರ್ಮವಿತ್ತು. ಶಿಷ್ಯನು ಮಂಗಳಸ್ನಾನ ಮಾಡಿ, ಗುರುವಿನ ಅಪ್ಪಣೆ ಪಡೆದು ಮನೆಗೆ ಮರಳುತ್ತಿದ್ದನು. ಮಿಂದವನಾದ್ದರಿಂದ ಅವನು ಸ್ನಾತಕ. ಮದುವೆ ಅದರ ನಂತರದ ಮಾತು. ನಮ್ಮಲ್ಲಿ ಕೆಲವರ ಮದುವೆಗಳಲ್ಲಿ ಇಂದಿಗೂ ಕಾಶೀಯಾತ್ರೆ ಎಂಬ ವಿನೋದವುಂಟು. ವರನು ಕೊಡೆ ಹಿಡಿದು, ಹೆಚ್ಚಿನ ವಿದ್ಯೆಗೆ ಕಾಶಿಗೆ ಹೊರಟೆನೆನ್ನುತ್ತಾನೆ. ಕನ್ಯೆಯ ತಂದೆ ಅಡ್ಡಬಂದು, ಮಗಳನ್ನು ಕೊಡುತ್ತೇನೆ, ಸಂಸಾರ ಮಾಡು ಎಂದು ತಡೆಯುತ್ತಾರೆ. ಎಂದರೆ ಓದು ಒಂದು ಕಡೆ, ಸಂಸಾರ ಇನ್ನೊಂದು ಕಡೆ. ಒಂದು ಬಂದರೆ ಇನ್ನೊಂದು ಹೋಗಬೇಕು ಎಂಬ ಭಾವನೆ. ಈಗ ನಾವು ಎಂ.ಎ. ಮಾಡಿದವರನ್ನು ಸ್ನಾತಕೋತ್ತರ ಪದವೀಧರರೆನ್ನುತ್ತೇವೆ. ಇವರಲ್ಲಿ ಅನೇಕರು ಸಂಸಾರವನ್ನು ಹೊತ್ತುಕೊಂಡೇ ಓದಿದವರು. ಹಳೆಯ ಕ್ರಮ ಬದಲಾಗಿದೆ. ಅದಕ್ಕೆ ತಕ್ಕಂತೆ ನಮ್ಮ ಮನೆಗಳ ನಡೆವಳಿಕೆ ಇನ್ನೂ ಬದಲಾಗಿಲ್ಲ.

ಹೀಗೆ ಓದಿದವರು ನಮ್ಮ ಸಾಹಿತ್ಯದಲ್ಲಿಯೇ ಇದ್ದಾರೆ. ದ. ರಾ. ಬೇಂದ್ರೆಯವರು ಬಿ.ಎ. ಮುಗಿಸಿದ್ದು 1918ರಲ್ಲಿ, ಎಂ.ಎ. ಪದವಿ ಬಂದದ್ದು 1935ರಲ್ಲಿ. ಆಗ ಅವರ ವಯಸ್ಸು ನಲವತ್ತರ ಹತ್ತಿರ, ಆಗಲೇ ಸಂಸಾರವಂದಿಗರು, ಕವಿಯೆಂದು ಹೆಸರಾದವರು. ವರಕವಿಗೂ ಮನೆಯ ಭಾರದ ನಡುವೆಯೇ ಪರೀಕ್ಷೆ ಬರೆಯಬೇಕಾಯಿತೆಂದ ಮೇಲೆ ಉಳಿದವರ ಪಾಡೇನು!

ಈಗ ಮುಂಬಯಿಗೂ ಧಾರವಾಡಕ್ಕೂ ಇರುವ ನಂಟಿನ ಮಾತು. ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದು 1857ರಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಅದಕ್ಕೂ ಮುಂಚೆ ಆ ಭಾಗದ ಹುಡುಗರು ಉಚ್ಚ ವಿದ್ಯೆಗೆ ಪುಣೆಗೋ ಮುಂಬಯಿಗೋ ಬರುತ್ತಿದ್ದರು. ಕಾಲೇಜು ಬಂದ ಮೇಲೂ ಪದವಿ ಕೊಡುವ ಅಧಿಕಾರ ಮುಂಬಯಿಯದೇ. ಪದವಿಯನ್ನು ತಾವೇ ಹೋಗಿ ಪಡೆಯಬೇಕೆನ್ನುವವರು ಮೀಟರ್ ಗೇಜಿನ ಗಾಡಿಯಲ್ಲಿ ಪುಣೆಯ ತನಕ ಬಂದು, ಅಲ್ಲಿ ಇಳಿದು, ಮುಂಬಯಿಯ ಗಾಡಿ ಹತ್ತಬೇಕಾಗಿತ್ತು. ಕೋಟೆಯ ಮೈದಾನದ ಎದುರಿಗೆ, 1874ರಲ್ಲಿ ಕಟ್ಟಿ ಮುಗಿಸಿದ ಘಟಿಕೋತ್ಸವದ ಸಭಾಗೃಹವನ್ನು ನಾವು ದಿನವೂ ಬಸ್ಸಿನಿಂದ ನೋಡುತ್ತೇವೆ. ಎಷ್ಟು ಕನ್ನಡದ ಹುಡುಗರು ಅಲ್ಲಿ ಊರಿನ ಧೂಳನ್ನು ಕೊಡವಿಕೊಂಡು ಒಳಗೆ ಹೋಗಿದ್ದಾರೋ!

ಕರ್ನಾಟಕ ವಿಶ್ವವಿದ್ಯಾಲಯವು ಆರಂಭವಾದದ್ದು 1949ರಲ್ಲಿ. ಅದೂ ಧಾರವಾಡದಲ್ಲಲ್ಲ, ಇದೇ ಮುಂಬಯಿಯಲ್ಲಿ. ಮರುವರ್ಷ, 1950ರಲ್ಲಿ, ಅದು ಧಾರವಾಡಕ್ಕೆ ಹೋಯಿತು. ಗಣಿತಶಾಸ್ತ್ರಜ್ಞರಾದ ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿ ಅದನ್ನು ಬೆಳೆಸಿದರು. ರಾಜ್ಯವು ಒಂದಾದದ್ದು 1956ರಲ್ಲಿ, ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಆದುದರಿಂದ ವಿಶ್ವವಿದ್ಯಾಲಯವು ರಾಜ್ಯಕ್ಕಿಂತ ಏಳು ವರ್ಷ ಹಿರಿದು. ರಾಜ್ಯಕ್ಕೆ ಆ ಹೆಸರು ಬರುವ ಮೊದಲೇ ಅದು ಆ ಹೆಸರನ್ನು ಹೊತ್ತಿತ್ತು. ಮುಂಬಯಿಯ ಕನ್ನಡಿಗರಿಗೆ ಅದು ತಮ್ಮೂರಿನಲ್ಲಿ ಹುಟ್ಟಿ ತವರಿಗೆ ಹೋದ ಕೂಸು.

ಇನ್ನು ನಮ್ಮ ಮಾತು. ನಮ್ಮ ಶ್ರೀಮತಿಯವರು ಧಾರವಾಡದಲ್ಲಿ ಕನ್ನಡ ಎಂ.ಎ. ಮೊದಲ ವರ್ಷ ಮುಗಿಸಿದ್ದಾಗ ನಮ್ಮ ಮದುವೆಯಾಯಿತು. ಓದನ್ನು ಮುಗಿಸಗೊಡುತ್ತೇವೆಂದು ಮಾತುಕತೆಯ ದಿವಸವೇ ಹೇಳಿದ್ದೆವು. ಹೇಳುವುದು ಸುಲಭ. ಮದುವೆಯಾದ ತಿಂಗಳೊಳಗೆ ಸೊಸೆ ತವರಿಗೆ ಮರಳಿ ಕಾಲೇಜಿಗೆ ಹೋದರೆ ನೆರೆಹೊರೆಯವರು ಏನೆಂದಾರು? ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ನಮ್ಮ ತಾಯಿಯವರು, ಸೊಸೆ ಬಂದಮೇಲೆ ಕೈಗೆ ಬಿಡುವು ಸಿಕ್ಕೀತೆಂದು ಕಾದಿದ್ದವರು, ಮತ್ತೊಂದು ವರ್ಷ ನಸುಕಿನಲ್ಲಿ ಎದ್ದು ನಮಗೆ ಡಬ್ಬಿ ಕಟ್ಟಿದರು. ಓದು ಮುಗಿದು, ಸಂಸಾರ ಹೂಡಿ, ಮಗು ನಡೆಯಲು ಕಲಿತ ಮೇಲೆ ಘಟಿಕೋತ್ಸವದ ಕರೆ ಬಂತು.

ಮನೆಯಲ್ಲಿ ಸಭೆ ಸೇರಿತು. "ಟಪಾಲಿನಾಗ ಬರ್ತದಂದಮ್ಯಾಲೆ ರೊಕ್ಕ ಯಾಕ ಕಳೀತೀರಿ?" ಎಂದರು ತಾಯಿಯವರು. ನಮ್ಮ ಶ್ರೀಮತಿಯವರು ವಾದ ಮಾಡಲಿಲ್ಲ. ರಾತ್ರಿ ಪಾತ್ರೆ ತೊಳೆದಿಟ್ಟು ಬಂದು ಇಷ್ಟೇ ಹೇಳಿದರು: "ಪರೀಕ್ಷಾ ಮುಗಿದ ದಿವಸ ಯಾರಿಗೂ ಹೇಳಿಕೊಳ್ಳದ ಗಾಡಿ ಹತ್ತಿ ಬಂದೇನ್ರಿ. ಒಮ್ಮೆ ಹೋಗಿ, ನಿಂತು, ಬರೋಣ." ಮರುದಿನ ನಾವು ರಜೆಯ ಅರ್ಜಿ ಬರೆದೆವು. ಹೊರಡುವ ದಿನ ತಾಯಿಯವರೇ ಮಗುವನ್ನು ಎತ್ತಿಕೊಂಡು, ದಾರಿಗೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ದಾದರಿನಲ್ಲಿ ರಾತ್ರಿಯ ಗಾಡಿ ಹತ್ತಿದರೆ ಪುಣೆ, ಸಾತಾರೆ, ಮಿರಜ ದಾಟಿ ಬೆಳಗಾವಿ. ಮುಂದೆ ಲೋಂಡಾದ ಕಾಡು, ಅಳ್ನಾವರ, ಧಾರವಾಡ. ದಾರಿಯಲ್ಲಿ ಕಂಡ ವಿಶೇಷವೇನೆಂದರೆ, ಮದುವೆಯಾದ ಮೇಲೆ ನಾವಿಬ್ಬರೇ ಮಾಡಿದ ಮೊದಲ ದೂರ ಪ್ರಯಾಣ ಅದಾಗಿತ್ತು. ಬೆಳಗಾವಿ ದಾಟಿದ ಮೇಲೆ ನಮ್ಮ ಶ್ರೀಮತಿಯವರ ಮಾತಿನ ಧಾಟಿಯೇ ಬದಲಾಯಿತು. ಹಳಗನ್ನಡದ ಪಾಠ ಮಾಡಿದ ಗುರುಗಳು, ಗ್ರಂಥಾಲಯದಲ್ಲಿ ಕಿಟಕಿಯ ಹತ್ತಿರದ ಕುರ್ಚಿಗಾಗಿ ಗೆಳತಿಯರೊಡನೆ ಆಗುತ್ತಿದ್ದ ಜಗಳ, ಛಂದಸ್ಸಿನ ಪತ್ರಿಕೆಯ ಹಿಂದಿನ ರಾತ್ರಿಯ ನಿದ್ದೆಗೇಡು, ಇವನ್ನೆಲ್ಲ ನಾವು ಮೊದಲ ಸಲ ಕೇಳಿದೆವು. ಮೂರು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತುಗಳಿಗೆ ನಮ್ಮಲ್ಲಿ ಹೊತ್ತು ಸಿಕ್ಕಿರಲಿಲ್ಲ. ನಮ್ಮ ಮನೆಯಲ್ಲಿ ಅಕ್ಕಿಯ ಲೆಕ್ಕ, ಹಾಲಿನ ಲೆಕ್ಕ ಬರೆಯುವವರು ರನ್ನ ಪಂಪರನ್ನು ಓದಿ ಅರ್ಥ ಹೇಳಬಲ್ಲವರೆಂಬುದು ನಮಗೆ ಕಾಗದದಲ್ಲಿ ಗೊತ್ತಿತ್ತು. ಕಿವಿಯಾರೆ ಗೊತ್ತಾದದ್ದು ಆ ಗಾಡಿಯಲ್ಲಿ.

ಸಮಾರಂಭದ ವರ್ಣನೆ ಬೆಳೆಸುವುದಿಲ್ಲ. ಇಳಕಲ್ ಸೀರೆಯ ಮೇಲೆ ಬಾಡಿಗೆಯ ಗೌನು. ಪದವೀಧರರು ಮುಂದೆ, ಜೊತೆಗೆ ಬಂದವರು ಹಿಂದೆ. ಚಿನ್ನದ ಪದಕದವರು, ಪಿಎಚ್.ಡಿ.ಯವರು ವೇದಿಕೆಗೆ ಹೋದರು. ಉಳಿದವರನ್ನು ತಂಡತಂಡವಾಗಿ ಎದ್ದು ನಿಲ್ಲಲು ಹೇಳಿ, ಕುಲಾಧಿಪತಿಗಳು ಪದವಿ ದಯಪಾಲಿಸಿದರು. ಹೆಸರು ಕೂಗಲಿಲ್ಲ. ನೂರಾರು ಬೆನ್ನುಗಳ ನಡುವೆ ನಮ್ಮವರು ಯಾರೆಂದು ನಮಗೆ ಗುರುತು ಹತ್ತಲಿಲ್ಲ. ನಮ್ಮ ಪಕ್ಕದಲ್ಲಿ ಒಬ್ಬ ರೈತರು, ಪಟಕ ಸುತ್ತಿದವರು, ಕಾಲ್ಬೆರಳ ಮೇಲೆ ನಿಂತು ಮಗಳನ್ನು ಹುಡುಕುತ್ತಿದ್ದರು. ಅವರಿಗೂ ಕಾಣಲಿಲ್ಲ. "ಇರಲಿ ಬಿಡ್ರಿ, ಅದರಾಗ ಅದಾಳ," ಎಂದು ಕುಳಿತರು. ನಾವೂ ಕುಳಿತೆವು.

ಪದವಿಪತ್ರದಲ್ಲಿದ್ದ ಹೆಸರು ತವರಿನದು. ಎಸ್.ಎಸ್.ಎಲ್.ಸಿ.ಯಲ್ಲಿ ಹೇಗಿತ್ತೋ ಹಾಗೆ. ನಮ್ಮ ಕೌಂಟರಿನ ಮುಂದೆ ಮದುವೆಯಾದ ಹೆಣ್ಣುಮಕ್ಕಳು, ಒಂದು ಕಾಗದದಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಹಿಡಿದು, ತಾವು ಒಬ್ಬರೇ ಎಂದು ರುಜುವಾತು ಪಡಿಸಲು ನಿಲ್ಲುವುದನ್ನು ದಿನವೂ ಕಾಣುತ್ತೇವೆ. ಆದುದರಿಂದ ವ್ಯವಹಾರದ ಒಂದು ಮಾತು: ಘಟಿಕೋತ್ಸವದ ಅರ್ಜಿ ತುಂಬುವಾಗಲೇ ಹೆಸರಿನ ಪ್ರತಿಯೊಂದು ಅಕ್ಷರವನ್ನೂ ಅಂಕಪಟ್ಟಿಯೊಡನೆ ಹೋಲಿಸಿ ನೋಡಿರಿ, ಪದವಿಪತ್ರ ಅಚ್ಚಾದ ಮೇಲೆ ತಿದ್ದಿಸುವುದು ಕಷ್ಟ. ವಿವಾಹ ನೋಂದಣಿಯ ಪತ್ರವನ್ನು ಅದರ ಜೊತೆಗೇ ಇಡಿರಿ. ಆದರೆ ತವರಿನ ಹೆಸರು ಇರುವುದಕ್ಕೆ ಮುಖ ಸಣ್ಣದು ಮಾಡಬೇಡಿರಿ. ಓದು ಶುರುವಾದದ್ದು ಆ ಮನೆಯಲ್ಲಿ. ಆ ಹೆಸರು ಅಲ್ಲಿರುವುದೇ ನ್ಯಾಯ.

ಈಗ ಮೊದಲು ಹೇಳಿದ ಲೆಕ್ಕ. ಬಿ.ಕಾಂ. ತರಗತಿಯಲ್ಲಿ ನಮಗೆ ಮೊದಲು ಕಲಿಸಿದ ಪಾಠ, ಯಾವ ವ್ಯವಹಾರಕ್ಕೂ ಎರಡು ನಮೂದು ಉಂಟೆಂಬುದು. ಒಂದು ಖಾತೆಗೆ ಜಮೆಯಾದರೆ ಇನ್ನೊಂದು ಖಾತೆಗೆ ಖರ್ಚು ಬೀಳಲೇಬೇಕು. ಒಂದನ್ನೇ ಬರೆದಿಟ್ಟರೆ ಪುಸ್ತಕ ತಾಳೆಯಾಗದು. ಒಂದು ಮನೆಯಲ್ಲಿ ಬಂದ ಪದವಿಯೂ ಹಾಗೆಯೇ. ಒಬ್ಬರ ಹೆಸರಿಗೆ ಜಮೆಯಾದದ್ದು ಅತ್ತೆಯ ನಸುಕಿನ ನಿದ್ದೆಯಿಂದ, ತಂದೆಯ ಕಿಸೆಯಿಂದ, ಗಂಡನ ಒಂಟಿ ಸಂಜೆಗಳಿಂದ ಖರ್ಚಾಗಿರುತ್ತದೆ. ಗಂಡನು ರಾತ್ರಿ ಕಾಲೇಜಿನಲ್ಲಿ ಓದಿದರೆ ಹೆಂಡತಿಯ ಖಾತೆಗೆ ಖರ್ಚು ಬೀಳುತ್ತದೆ. ಈ ಊರಿನಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ಮೇಲೆ ಬಂದ ಹಿರಿಯರಿದ್ದಾರೆ. ಅವರ ಮನೆಯಾಕೆಯರು ಎಷ್ಟು ರಾತ್ರಿ ಅನ್ನ ಮುಚ್ಚಿಟ್ಟು ಕಾದರೆಂಬುದು ಯಾವ ಸ್ಮರಣ ಸಂಚಿಕೆಯಲ್ಲಿಯೂ ಅಚ್ಚಾಗಿಲ್ಲ.

ಇದರಿಂದ ಪದವಿಯಲ್ಲಿ ಪಾಲು ಕೇಳಬೇಕೆಂದು ನಾವು ಹೇಳುವುದಿಲ್ಲ. ಓದಿದ್ದು ಅವರು, ಬರೆದದ್ದು ಅವರು. ಪತ್ರದಲ್ಲಿ ಒಂದೇ ಹೆಸರಿರಬೇಕಾದದ್ದು ಸರಿ. ಜೊತೆಗೆ ಹೋಗುವವರು ಪಾಲುಗಾರರಾಗಿ ಅಲ್ಲ, ಸಾಕ್ಷಿಗಳಾಗಿ ಹೋಗಬೇಕು. ಮದುವೆಗೆ ಊರವರು ಸಾಕ್ಷಿ ಬೇಕೆನ್ನುತ್ತೇವೆ. ಮದುವೆಯ ದಿನ ಕೊಟ್ಟ ಮಾತು ನಡೆಯಿತೆಂಬುದಕ್ಕೆ ಸಾಕ್ಷಿ ಬೇಡವೆ? ಅಂಚೆಯಲ್ಲಿ ಬಂದ ಪತ್ರ ಕಪಾಟಿಗೆ ಹೋಗುತ್ತದೆ. ಇಬ್ಬರೂ ಹೋಗಿ ತಂದ ಪತ್ರಕ್ಕೆ ಮನೆಯಲ್ಲಿ ಒಂದು ಸ್ಥಾನ ಬರುತ್ತದೆ. ನಮ್ಮ ತಾಯಿಯವರು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಅಂದಿನಿಂದ ಬಂದವರ ಮುಂದೆ, "ನಮ್ಮ ಸೊಸಿ ಎಂ.ಎ. ಆಗ್ಯಾಳ" ಎಂದು ಅವರೇ ಹೇಳುತ್ತಾರೆ. ರೊಕ್ಕದ ಮಾತನ್ನು ಮತ್ತೆ ಎತ್ತಲಿಲ್ಲ.

ಕನ್ನಡ ಎಂ.ಎ.ಯಿಂದ ಮುಂಬಯಿಯಲ್ಲಿ ಏನು ಪ್ರಯೋಜನವೆಂದು ಕೇಳುವವರುಂಟು. ಸಂಬಳದ ಲೆಕ್ಕದಲ್ಲಿ ನಮ್ಮ ಹತ್ತಿರ ಹೆಚ್ಚಿನ ಉತ್ತರವಿಲ್ಲ. ಆದರೆ ಈಗ ಭಾನುವಾರ ಬೆಳಿಗ್ಗೆ ನಮ್ಮ ಸಂಘದ ಕೋಣೆಯಲ್ಲಿ ಮನೆಯಲ್ಲಿ ಕನ್ನಡ ಮಾತಾಡಿದರೂ ಅಕ್ಷರ ಬಾರದ ಎಂಟು ಹತ್ತು ಮಕ್ಕಳು ಒತ್ತಕ್ಷರ ತಿದ್ದುತ್ತಿರುವುದನ್ನು ನೀವೇ ನೋಡಿದ್ದೀರಿ. ಕಲಿಸುವವರು ಯಾರೆಂದು ಹೇಳಬೇಕಾದ್ದಿಲ್ಲ.

ಕೊನೆಯದಾಗಿ ಸಂಘಕ್ಕೆ ಎರಡು ಬಿನ್ನಹ. ಪ್ರತಿ ವರ್ಷ ನಾವು ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ಕರೆದು ಸನ್ಮಾನಿಸುತ್ತೇವೆ. ಅದೇ ವೇದಿಕೆಯಲ್ಲಿ, ಮದುವೆಯಾದ ಮೇಲೆ ಪದವಿ ಮುಗಿಸಿದವರನ್ನೂ ಕರೆಯೋಣ. ಅವರ ಜೊತೆಗೆ ಅವರ ಗಂಡನನ್ನೋ ಹೆಂಡತಿಯನ್ನೋ ಪಕ್ಕದಲ್ಲಿಯೇ ನಿಲ್ಲಿಸೋಣ. ಎರಡನೆಯದು, ಯಾವ ಮನೆಯಲ್ಲಿ ಸೊಸೆಯ ಓದು ಅರ್ಧಕ್ಕೆ ನಿಂತಿದೆಯೋ ಅಲ್ಲಿಗೆ ಸಂಘದ ಹಿರಿಯರೊಬ್ಬರು ಹೋಗಿ ನಾಲ್ಕು ಮಾತು ಆಡಲಿ. ಪರೀಕ್ಷೆಯ ಶುಲ್ಕಕ್ಕೆ ಒಂದು ಸಣ್ಣ ನಿಧಿಯೂ ಇರಲಿ. ಅದರ ಲೆಕ್ಕ ಇಡುವ ಕೆಲಸವನ್ನು ನಾವು ಸಂತೋಷದಿಂದ ಒಪ್ಪಿಕೊಳ್ಳುತ್ತೇವೆ.