ದಿನಕ್ಕೆ ಎಷ್ಟು ಹಾಳಿ?

(ಕೆರೂರಿನಲ್ಲಿ ಜರುಗಿದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

ನನಗೆ ‘ಮಕ್ಕಳು ಮತ್ತು ಸಂಸ್ಕಾರ’ ಎಂಬ ವಿಷಯ ಕೊಟ್ಟಿದ್ದಾರೆ. ಅದು ದೊಡ್ಡ ವಿಷಯ. ಅದನ್ನು ಪೂಜ್ಯರು ತಮ್ಮ ಆಶೀರ್ವಚನದಲ್ಲಿ ಹೇಳುತ್ತಾರೆ. ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ನನಗೆ ಗೊತ್ತಿರುವುದು ಸಣ್ಣ ವಿಷಯ. ಅದನ್ನೇ ಹಿಡಿದು ಮಾತನಾಡುತ್ತೇನೆ.

ಕೆಲವು ತಿಂಗಳ ಹಿಂದೆ ಒಬ್ಬ ತಾಯಿ ನಮ್ಮ ಮನೆಗೆ ಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಕಲಿತವರು. ಕೆಲಸದ ಸಲುವಾಗಿ ದೂರದ ಊರಲ್ಲಿದ್ದು ಮರಳಿ ಬಂದವರು. ಎಂಟು ವರ್ಷದ ಮಗಳನ್ನು ಶಾಲೆಗೆ ಕಳಿಸದೆ ತಾವೇ ಮನೆಯಲ್ಲಿ ಕಲಿಸುತ್ತಿದ್ದಾರೆ. ಆಕೆ ಕೇಳಿದ ಪ್ರಶ್ನೆ ಒಂದೇ. “ಅಕ್ಕಾರ, ದಿನಕ್ಕ ಎಷ್ಟು ಹಾಳಿ ಬರಸಬೇಕ್ರೀ? ಸಾಲಿ ಹುಡುಗ್ರು ವಹಿ ಮ್ಯಾಲ ವಹಿ ತುಂಬಸ್ತಾರ. ನಮ್ಮಾಕಿ ಹಿಂದ ಬೀಳ್ತಾಳೇನೋ ಅಂತ ಹೆದರಿಕಿ ಆಗೈತಿ.”

“ವಹಿ ತೋರಸವಾ” ಅಂದೆ. ಒಂದು ಪುಟದ ತುಂಬ ಒಂದೇ ವಾಕ್ಯ ಇತ್ತು, ಇಪ್ಪತ್ತು ಸಲ: ‘ನಾನು ದಿನಾಲು ಶಾಲೆಗೆ ಹೋಗುತ್ತೇನೆ.’ ಶಾಲೆಗೆ ಹೋಗದ ಹುಡುಗಿ ಅದನ್ನು ಬರೆದಿದ್ದಳು! ಮೊದಲ ಐದು ಸಾಲು ಮುತ್ತಿನಂತೆ ಇದ್ದವು. ಆರನೆಯ ಸಾಲಿನಲ್ಲಿ ‘ಶಾಲೆಗೆ’ ಎಂಬುದು ‘ಶಲೆಗೆ’ ಆಗಿತ್ತು. ಅಲ್ಲಿಂದ ಕೆಳಗೆ ಹದಿನೈದು ಸಾಲೂ ‘ಶಲೆಗೆ, ಶಲೆಗೆ’ ಅಂತಲೇ ಇತ್ತು. ಏಕೆಂದರೆ ಮಗು ತಾಯಿ ಬರೆದುಕೊಟ್ಟ ಸಾಲನ್ನು ನೋಡುವುದನ್ನು ಬಿಟ್ಟಿತ್ತು, ತನ್ನದೇ ಮೇಲಿನ ಸಾಲನ್ನು ನೋಡಿ ಕೆಳಗೆ ಇಳಿಸುತ್ತಿತ್ತು. ಐದು ಸಲ ಸರಿಯಾದದ್ದನ್ನು ಕಲಿತು, ಹದಿನೈದು ಸಲ ತಪ್ಪನ್ನು ಗಟ್ಟಿ ಮಾಡಿಕೊಂಡಿತ್ತು.

ಆ ತಾಯಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ನಾನು ನೆನೆಸಿಕೊಳ್ಳಬೇಕಾಯಿತು. ಅದನ್ನು ನಿಮ್ಮ ಮುಂದೆಯೂ ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆಗ ನಾಡಿನ ಪ್ರತಿಯೊಂದು ಮನೆಯೂ ಶಾಲೆ ಆಯಿತು. ವಿದ್ಯಾಗಮ ಎಂದು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಿದೆವು. ಅದೂ ಅಕ್ಟೋಬರದಲ್ಲಿ ನಿಂತಿತು. ನಮ್ಮ ಮೊಮ್ಮಗ ಆಗ ಮೂರನೆಯ ಇಯತ್ತೆ. ‘ಶಿಕ್ಷಕಿಯ ಮೊಮ್ಮಗ ಹಿಂದೆ ಬಿದ್ದ ಅಂತ ಜನ ಅನ್ನಬಾರದು’ ಎಂಬ ಅಹಂಕಾರ ನನಗೆ. ದಿನಕ್ಕೆ ಹತ್ತು ಹಾಳಿ ಬರೆಸಿದೆ. ಮುಂಜಾನೆ ವಹಿ ತೆಗೆದರೆ ಅವನಿಗೆ ಹೊಟ್ಟೆ ನೋವು.

ಒಮ್ಮೆ ಅವನು ಬಾದಾಮಿಯಲ್ಲಿ ಮಂಗ ತನ್ನ ಕೈಯಿಂದ ಚುರುಮುರಿ ಪೊಟ್ಟಣ ಕಸಿದುಕೊಂಡ ಕತೆ ಹೇಳಿದ. ಮಂಗ ಹೇಗೆ ಬಂತು, ಅಪ್ಪ ಹೇಗೆ ಹಿಂದೆ ಸರಿದ, ಅದು ಗೋಡೆಯ ಮೇಲೆ ಕುಳಿತು ಶೇಂಗಾಬೀಜ ಮಾತ್ರ ಹೇಗೆ ಆರಿಸಿ ತಿಂದಿತು, ಎಲ್ಲ ಕುಣಿದು ತೋರಿಸಿದ. ನಾನು ನಕ್ಕು, “ಭಾಳ ಚಲೋ ಐತಿ, ಇದನ್ನ ಬರದು ತೋರಸು” ಅಂದೆ. ಅವನ ಮುಖ ಸಪ್ಪಗಾಯಿತು. ವಹಿ ತಂದು ಬರೆದ: ‘ಮಂಗ ಬಂತು. ಚುರುಮುರಿ ತಿಂದಿತು.’ ಅಷ್ಟೇ.

ಎರಡು ದಿನ ಬಿಟ್ಟು ಅವನು ತನ್ನ ತಾಯಿಗೆ ಏನೋ ಹೇಳುತ್ತಿದ್ದ. ನಾನು ಒಳಗೆ ಬಂದ ಕೂಡಲೆ ಸುಮ್ಮನಾದ. ಆಮೇಲೆ ಪಿಸುಗುಟ್ಟಿದ್ದು ಕೇಳಿಸಿತು: “ಆಯಿ ಮುಂದ ಹೇಳಬ್ಯಾಡ, ಬರಿ ಅಂತಾಳ.”

ಶರಣ ಬಂಧುಗಳೆ, ನನ್ನ ವೃತ್ತಿಯಲ್ಲಿ ಯಾವ ಅಧಿಕಾರಿಯ ಮಾತೂ ನನಗೆ ಅಷ್ಟು ನಾಟಿಲ್ಲ. ಬರೆಸುವ ಭರದಲ್ಲಿ ಮಗುವಿನ ಬಾಯಿಯನ್ನೇ ಕಟ್ಟಿಬಿಟ್ಟಿದ್ದೆ. ಹೇಳಲಿಕ್ಕೆ ಮಾತೇ ಇಲ್ಲದ ಮೇಲೆ ಬರೆಯುವುದು ಏನನ್ನು?

2021ರ ಅಕ್ಟೋಬರ್ 25ರಂದು ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದವು. ಒಂದೂವರೆ ವರ್ಷದ ಮೇಲೆ ಬಂದ ಮಕ್ಕಳನ್ನು ನೋಡಿದೆ. ಕೆಲವರ ಕೈ ಅಕ್ಷರವನ್ನೇ ಮರೆತಿತ್ತು. ಕೆಲವರ ಅಕ್ಷರ ಅಚ್ಚಿನಂತಿತ್ತು, ಆದರೆ ‘ಮುಂಜಾನೆ ಏನು ಉಂಡೆ, ಬರಿ’ ಅಂದರೆ ಪೆನ್ಸಿಲ್ ಏಳುತ್ತಿರಲಿಲ್ಲ. ‘ನೋಡಿ ಬರೆಯಲು ಏನೂ ಇಲ್ಲವಲ್ರೀ’ ಅನ್ನುತ್ತಿದ್ದರು. ಆಗ ನನಗೆ ತಿಳಿದದ್ದು, ನಾವು ‘ಬರೆಯುವುದು’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಕೆಲಸಗಳನ್ನು ಕರೆಯುತ್ತೇವೆ ಎಂದು.

ಮೊದಲನೆಯದು ಕೈಯ ಕೆಲಸ: ಅಕ್ಷರವನ್ನು ದುಂಡಗೆ, ಸರಿಯಾದ ಕಡೆಯಿಂದ ಆರಂಭಿಸಿ ತಿದ್ದುವುದು. ಎರಡನೆಯದು ಕಿವಿ ಮತ್ತು ಕಣ್ಣಿನ ಕೆಲಸ: ಕೇಳಿದ ಮಾತನ್ನು ತಪ್ಪಿಲ್ಲದೆ ಬರೆಯುವುದು, ಅಂದರೆ ಕಾಗುಣಿತ, ಒತ್ತಕ್ಷರ, ಶುದ್ಧಲೇಖನ. ಮೂರನೆಯದು ಮನಸ್ಸಿನ ಕೆಲಸ: ತನ್ನದೇ ಮಾತನ್ನು ತಾನೇ ಬರೆಯುವುದು. ನೇಕಾರರ ಊರಿದು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಂಡಕಿ ಸುತ್ತುವುದು ಬೇಕು, ಲಾಳಿ ಓಡಿಸುವುದು ಬೇಕು. ಆದರೆ ವರ್ಷವಿಡೀ ಕಂಡಕಿಯನ್ನೇ ಸುತ್ತಿದರೆ ಸೀರೆ ಆಗುವುದಿಲ್ಲ. ನಾವು ಮಕ್ಕಳಿಂದ ಕಂಡಕಿ ಸುತ್ತಿಸಿ, ಸೀರೆ ಏಕೆ ಬರಲಿಲ್ಲ ಎಂದು ಬಡಿಯುತ್ತಿದ್ದೇವೆ.

ಹಾಗಾದರೆ ಎಷ್ಟು ಬರೆಸಬೇಕು? ನನ್ನ ಅನುಭವದ ಲೆಕ್ಕ ಹೇಳುತ್ತೇನೆ. ಹಾಳಿ ಎಣಿಸಬೇಡಿರಿ, ಗಡಿಯಾರ ನೋಡಿರಿ.

ಒಂದನೆಯ ಇಯತ್ತೆಯ ಮಗುವಿಗೆ ಒಮ್ಮೆಗೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಉಸುಕಿನಲ್ಲಿ ಬೆರಳಿನಿಂದ ಬರೆದರೂ ಅದು ಬರಹವೇ. ನಮ್ಮ ಹಿಂದಿನ ಗಾಂವಟಿ ಶಾಲೆಗಳಲ್ಲಿ ಮಕ್ಕಳು ಕಲಿತದ್ದು ಹಾಗೆಯೇ. ಆಮೇಲೆ ಪಾಟಿ. ಪಾಟಿಯ ದೊಡ್ಡ ಗುಣವೆಂದರೆ ತಪ್ಪನ್ನು ಒರೆಸಬಹುದು, ತಪ್ಪು ಯಾರಿಗೂ ಉಳಿಯುವುದಿಲ್ಲ. ಎರಡನೆಯ ಇಯತ್ತೆಗೆ ಒಟ್ಟು ಇಪ್ಪತ್ತು ನಿಮಿಷ. ಮೂರರಿಂದ ಐದನೆಯವರೆಗೆ ಅರ್ಧ ತಾಸು, ಅದೂ ಎರಡು ಭಾಗ ಮಾಡಿ. ಮನೆಯಲ್ಲಿ ಒಂದು ಮಗುವಿನ ಪಕ್ಕದಲ್ಲೇ ನೀವು ಕುಳಿತಿರುತ್ತೀರಿ. ನಲವತ್ತು ಮಕ್ಕಳ ತರಗತಿಯಲ್ಲಿ ವಹಿ ತುಂಬಿಸುವುದಕ್ಕೆ ಒಂದು ಕಾರಣ, ಉಳಿದವರನ್ನು ನೋಡುವವರೆಗೆ ಇವರು ಸುಮ್ಮನೆ ಕುಳಿತಿರಲಿ ಎಂಬುದು. ಇದನ್ನು ನಾನೇ ಮಾಡಿದ್ದೇನೆ. ಆ ಕಾರಣ ನಿಮ್ಮ ಮನೆಯಲ್ಲಿ ಇಲ್ಲ, ಆ ರೂಢಿಯೂ ಬೇಡ.

ಆ ಹೊತ್ತಿನಲ್ಲಿ ಮಾಡುವುದೇನು? ನೋಡಿ ಬರೆಯಲು ಮೂರು ಸಾಲು ಸಾಕು. ಸಾಲು ಮುಗಿದ ಮೇಲೆ “ಇದರೊಳಗ ಯಾವ ಅಕ್ಷರ ಎಲ್ಲಕ್ಕಿಂತ ಚಂದ ಆಗೈತಿ?” ಎಂದು ಮಗುವನ್ನೇ ಕೇಳಿರಿ. ವಾರಕ್ಕೆ ಎರಡು ಸಲ ನಾಲ್ಕೈದು ವಾಕ್ಯ ಹೇಳಿ ಬರೆಸಿರಿ. ಲ-ಳ, ನ-ಣ, ಸ-ಶ-ಷ ತೊಡಕುಗಳು ಅಲ್ಲಿ ಕಾಣುತ್ತವೆ. ‘ಸೂರ್ಯ’, ‘ಧರ್ಮ’ ಎನ್ನುವಾಗ ಬಾಯಿ ರಕಾರವನ್ನು ಮೊದಲು ನುಡಿಯುತ್ತದೆ, ಕೈ ಅರ್ಕಾವತ್ತನ್ನು ಕೊನೆಗೆ ಬರೆಯುತ್ತದೆ. ಮಗು ಅಲ್ಲಿ ಎಡವಿದರೆ ಅದು ದಡ್ಡತನವಲ್ಲ, ನಮ್ಮ ಲಿಪಿಯ ರೀತಿ ಹಾಗಿದೆ. ಅದನ್ನು ಬಿಡಿಸಿ ಹೇಳಬೇಕು. ತಪ್ಪಿದ ಶಬ್ದವನ್ನು ಎರಡು ಸಲ ಬರೆಸಿದರೆ ಸಾಕು, ಮರುದಿನ ಮತ್ತೊಮ್ಮೆ ಕೇಳಿದರೆ ಸಾಕು.

ಇನ್ನು ಸ್ವಂತ ಬರಹ. ಮೊದಲು ಮಗು ಹೇಳಲಿ, ನೀವು ಬರೆದುಕೊಳ್ಳಿರಿ. ತನ್ನ ಮಾತು ಹಾಳಿಯ ಮೇಲೆ ನಿಂತದ್ದನ್ನು ನೋಡಿದ ಮಗುವಿಗೆ ಬರಹ ಏತಕ್ಕೆ ಎಂಬುದು ತಿಳಿಯುತ್ತದೆ. ಆಮೇಲೆ ಅದರಲ್ಲಿ ಒಂದೆರಡು ವಾಕ್ಯ ಅದೇ ನೋಡಿ ಬರೆಯಲಿ. ಮುಂದೆ ಒಂದು ವಾಕ್ಯ ನಿಮ್ಮದು, ಒಂದು ಅದರದು. ಸಂತೆಗೆ ಹೋಗುವ ಮುಂಚೆ ಕಾಯಿಪಲ್ಲೆಯ ಯಾದಿ ಮಗುವೇ ಬರೆಯಲಿ. ಊರಲ್ಲಿರುವ ಅಜ್ಜನಿಗೆ ನಾಲ್ಕು ಸಾಲಿನ ಪತ್ರ ಹೋಗಲಿ. ಇಲ್ಲಿ ‘ಮನಿ’, ‘ಸಾಲಿ’ ಅಂತ ನಮ್ಮ ಮಾತಿನಂತೆ ಬರೆದರೆ ಕೆಂಪು ಗೀಟು ಹಾಕಬೇಡಿರಿ. ‘ಮನೆ’, ‘ಶಾಲೆ’ ಎಂಬ ಪುಸ್ತಕದ ರೂಪವನ್ನು ಶುದ್ಧಲೇಖನದ ದಿನ ಕಲಿಸೋಣ. ಶರಣರು ಜನರ ಮಾತಿನಲ್ಲೇ ಅನುಭಾವ ಹೇಳಿದರು ಎಂದು ವೇದಿಕೆಯ ಮೇಲೆ ಹೊಗಳುವ ನಾವು, ಮಗುವಿನ ಮನೆಮಾತನ್ನು ತಪ್ಪು ಎಂದು ಅಳಿಸಬಹುದೇ?

ಅತಿಯಾಯಿತು ಎಂದು ತಿಳಿಯುವುದು ಹೇಗೆ? ಪುಟದ ಕೊನೆಯ ಸಾಲು ಮೊದಲ ಸಾಲಿಗಿಂತ ಕೆಟ್ಟಿದ್ದರೆ ಅತಿಯಾಗಿದೆ. ಬಾಯಲ್ಲಿ ಹತ್ತು ಮಾತು ಹೇಳುವ ಮಗು ಹಾಳಿಯ ಮೇಲೆ ಎರಡು ಮಾತಿಗೆ ನಿಲ್ಲಿಸಿದರೆ ಕೈ ದಣಿದಿದೆ ಅಥವಾ ಮನಸ್ಸು ಹೆದರಿದೆ.

ಕಡಿಮೆಯಾಗುವ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಮನೆಯಲ್ಲಿ ಕಲಿಯುವ ಮಗು ಎಲ್ಲವನ್ನೂ ಬಾಯಲ್ಲೇ ಹೇಳಿ ಮುಗಿಸುತ್ತದೆ, ಕೇಳುವ ತಾಯಿ ಎದುರಿಗೇ ಇರುತ್ತಾಳಲ್ಲ! ‘ಬುದ್ಧಿವಂತ ಇದಾನ, ಬರಿಯೂದು ತಾನ ಬರತೈತಿ’ ಎಂದು ಬಿಟ್ಟವರನ್ನೂ ಕಂಡಿದ್ದೇನೆ. ತಾನಾಗಿ ಬರುವುದಿಲ್ಲ. ನಾಲ್ಕನೆಯ ಇಯತ್ತೆಯ ವಯಸ್ಸಿಗೆ ಯಾರ ನೆರವೂ ಇಲ್ಲದೆ ಐದಾರು ವಾಕ್ಯ ಜೋಡಿಸಿ ಬರೆಯಲು ಬಾರದಿದ್ದರೆ ಹೊತ್ತು ಹೆಚ್ಚಿಸಬೇಕು. ನಾಳೆ ಆ ಮಗು ಶಾಲೆಗೆ ಸೇರಬಹುದು, ಪರೀಕ್ಷೆಗೆ ಕೂಡಬಹುದು. ಅಲ್ಲಿ ಅದರ ಬಾಯಿಯನ್ನು ಯಾರೂ ಕೇಳುವುದಿಲ್ಲ. ದಿನವೂ ಸ್ವಲ್ಪ, ಆದರೆ ತಪ್ಪದೆ. ಇಷ್ಟಲಿಂಗ ಪೂಜೆಯನ್ನು ನಾವು ವಾರಕ್ಕೊಮ್ಮೆ ಏಳು ತಾಸು ಮಾಡುವುದಿಲ್ಲ. ದಿನವೂ ಸ್ವಲ್ಪ ಹೊತ್ತು, ದೃಷ್ಟಿ ನೆಟ್ಟು ಮಾಡುತ್ತೇವೆ. ಅಕ್ಷರಕ್ಕೂ ಅದೇ ನಿಯಮ.

ಬರಹ ಇಲ್ಲದಿದ್ದರೆ ಏನಾಗುತ್ತದೆ ಎಂದು ಲಿಂಗಾಯತರಿಗೆ ಬೇರೆಯವರು ಹೇಳಬೇಕಿಲ್ಲ. ‘ವಚನ’ ಎಂದರೇ ಮಾತು. ನೇಯುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಮೂವತ್ತಕ್ಕೂ ಹೆಚ್ಚು ಶರಣೆಯರು ಆಡಿದ ಮಾತು. ಯಾರೋ ಅದನ್ನು ಓಲೆಗೆ ಇಳಿಸಿದ್ದರಿಂದ ಉಳಿಯಿತು. ಆಮೇಲೆ ಶತಮಾನಗಳ ಕಾಲ ಎಷ್ಟೋ ಮನೆಗಳ ಜಗುಲಿಯ ಮೇಲೆ ಆ ಕಟ್ಟುಗಳು ಪೂಜೆಗೊಂಡವು, ಓದುವವರಿರಲಿಲ್ಲ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಇಂದಿನ ಈ ಗೋಷ್ಠಿಯಲ್ಲಿ ನಾವು ಹಾಡುವ ವಚನಗಳು ಆ ದಾರಿಯಲ್ಲಿ ನಮ್ಮ ಕೈಗೆ ಬಂದವು.

ಓಲೆಗರಿಗಳನ್ನು ಸಂಪಾದಿಸುವ ವಿದ್ವಾಂಸರು ಒಂದು ಮಾತು ಹೇಳುತ್ತಾರೆ. ಅರ್ಥ ಬಿಟ್ಟು ನಕಲು ಮಾಡಿದ ಒಬ್ಬನ ತಪ್ಪು, ಆ ಪ್ರತಿಯನ್ನು ನೋಡಿ ಬರೆದ ಎಲ್ಲರ ಪ್ರತಿಗಳಿಗೂ ಇಳಿಯುತ್ತದೆ. ಆ ಹುಡುಗಿಯ ವಹಿಯ ‘ಶಲೆಗೆ’ ನೆನಪಾಗುತ್ತದೆಯೇ? ಅರಿವಿಲ್ಲದ ನಕಲು ಓಲೆಯಲ್ಲೂ ಅಷ್ಟೇ, ವಹಿಯಲ್ಲೂ ಅಷ್ಟೇ.

ತಾಯಂದಿರಿಗೆ ಇನ್ನೊಂದು ಮಾತು. ಮನೆಯಲ್ಲಿ ಕಲಿಸುವುದು ಬೇರೆ, ಶಾಲೆ ಬಿಡಿಸಿ ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ‘ಮನ್ಯಾಗ ಕಲಸ್ತೀವ್ರೀ’ ಎಂದು ಹೇಳಿ ಹೆಣ್ಣುಮಗಳ ಕೈಗೆ ರಾಟಿ ಕೊಟ್ಟು, ಗಂಡುಮಗನ ಕೈಗೆ ಮಾತ್ರ ವಹಿ ಕೊಟ್ಟರೆ ಅದು ಕಲಿಕೆಯಲ್ಲ, ವಂಚನೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕಿದೆ ಎಂದು 2009ರ ಕಾಯಿದೆ ಹೇಳುತ್ತದೆ. ಗಂಡು ಹೆಣ್ಣು ಎನ್ನದೆ ಎಲ್ಲರ ಅಂಗೈಗೂ ಲಿಂಗ ಕೊಟ್ಟ ಬಸವಣ್ಣನವರು ಅದನ್ನು ಹನ್ನೆರಡನೆಯ ಶತಮಾನದಲ್ಲೇ ನಡೆದು ತೋರಿಸಿದರು. ದಿನಕ್ಕೆ ಅರ್ಧ ತಾಸು ಕೊಡಲಾಗದಿದ್ದರೆ, ದಯವಿಟ್ಟು ಮಗುವನ್ನು ಶಾಲೆಗೆ ಕಳಿಸಿರಿ.

ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಮನೆಮನೆಗೆ ಬಂದು, ಹಣ ಬೇಡ, ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದ್ದು ನಮ್ಮ ಭಾಗದವರಿಗೆಲ್ಲ ಗೊತ್ತು. ಇಂದು ಆ ಜೋಳಿಗೆ ಇಲ್ಲಿಗೆ ಬಂದಿದೆ ಎಂದುಕೊಳ್ಳಿರಿ. ‘ತಪ್ಪಿದೀ, ನೂರು ಸಲ ಬರಿ’ ಎಂಬ ಶಿಕ್ಷೆಯ ಚಟವನ್ನು ನಾವು ಶಿಕ್ಷಕರು, ಪಾಲಕರು ಅದರಲ್ಲಿ ಹಾಕಿ ಹೋಗೋಣ. ಬರೆಯುವುದು ಶಿಕ್ಷೆಯಾದ ಮಗುವಿಗೆ ಬರಹ ಎಂದೂ ಕಾಯಕವಾಗುವುದಿಲ್ಲ. ಪೂಜ್ಯರಲ್ಲಿ ನನ್ನದೊಂದು ಬಿನ್ನಹವಿದೆ: ಮಠದ ಪಡಸಾಲೆಯಲ್ಲಿ ಒಂದು ಹಲಗೆ ಇರಲಿ. ಮಕ್ಕಳು ತಾವೇ ಬರೆದ ನಾಲ್ಕು ಸಾಲುಗಳನ್ನು ಅಲ್ಲಿ ಹಚ್ಚಲಿ. ಗೋಷ್ಠಿಗೆ ಬಂದವರು ನಿಂತು ಓದಲಿ. ಓದುವವರು ಇದ್ದಾರೆ ಎಂದು ಗೊತ್ತಾದರೆ ಮಗು ಬರೆಯುತ್ತದೆ.

ಆ ತಾಯಿ ಮೊನ್ನೆ ಮತ್ತೆ ಬಂದಿದ್ದಳು. ಮಗಳ ವಹಿಯಲ್ಲಿ ಆ ದಿನ ಇದ್ದದ್ದು ಆರೇ ಸಾಲು. ಅದರಲ್ಲೊಂದು: ‘ನಾನು ಸಾಲಿಗೆ ಹೋಗುದಿಲ್ಲ ನಮ್ಮ ಅವ್ವನ ಅಕ್ಕಾರು.’ ಎರಡು ಮಾತು ಕೂಡಿಹೋಗಿವೆ, ನಡುವೆ ಚುಕ್ಕೆ ಇಲ್ಲ. ಚುಕ್ಕೆ ಮುಂದಿನ ವಾರ ಕಲಿಸಿದರಾಯಿತು ಅಂದೆ.

ನಮ್ಮ ಮೊಮ್ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಚೆನ್ನಾಗಿ ಬರೆಯುತ್ತಾನೆ. ಆದರೆ ನನ್ನ ಮುಂದೆ ಕತೆ ಹೇಳುವುದು ಇನ್ನೂ ಕಡಿಮೆಯೇ. ಆ ಸಾಲ ನನ್ನ ತಲೆಯ ಮೇಲೆ ಹಾಗೆಯೇ ಉಳಿದಿದೆ. ನಿಮ್ಮಲ್ಲಿ ಯಾರಿಗೂ ಅಂಥ ಸಾಲ ಆಗದಿರಲಿ ಎಂದೇ ಇಷ್ಟು ಹೇಳಿದೆ.