ದುಡಿಯುವವನ ಒಡೆತನ



ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಸಕ್ಕರೆಯ ಕಾರ್ಖಾನೆಯೊಂದಿರುವುದು ಈ ಪ್ರಾಂತದವರೆಲ್ಲರೂ ಬಲ್ಲ ಸಂಗತಿಯೇ. ಅದು ಖಾಸಗಿ ಕಂಪನಿಯದು. ನೆರೆಯ ಪಾಂಡವಪುರದ ಕಾರ್ಖಾನೆಯಾದರೋ ಸಹಕಾರಿ ಪದ್ಧತಿಯದು. ಕಬ್ಬು ಬೆಳೆಯುವ ರೈತರೇ ಅದರ ಷೇರುದಾರರು. ಬೆಳೆಯೊಂದೇ, ಒಡೆತನ ಮಾತ್ರ ಬೇರೆ. ಆದರೆ ಇವೆರಡರಲ್ಲಿಯೂ ಯಂತ್ರದ ಬಳಿ ನಿಂತು ಬೆವರಿಳಿಸುವವನು ಸಂಬಳದ ಆಳೇ ಸರಿ. ಸಹಕಾರವೆಂಬ ಹೆಸರಿದ್ದ ಮಾತ್ರಕ್ಕೆ ಕಾಯಕ ಮಾಡುವವನು ಒಡೆಯನಾದನೆಂದು ಭಾವಿಸಲಾಗದು.

ಈ ಭೇದವನ್ನು ಕಡೆಗಣಿಸತಕ್ಕದ್ದಲ್ಲ. ಬೆಳೆಗಾರನಿಗೆ ಕಬ್ಬಿನ ಬೆಲೆ ಏರಬೇಕು. ಕಾರ್ಮಿಕನಿಗೆ ವೇತನ ಏರಬೇಕು. ಎರಡೂ ಅದೇ ಸಕ್ಕರೆಯ ಮಾರಾಟದಿಂದಲೇ ಹುಟ್ಟತಕ್ಕವು. ಇವರ ನಡುವೆ ಯಂತ್ರಗಳ ಸವೆತಕ್ಕೆಂದು ಹಣವನ್ನು ಹಿಡಿದಿಡುವವರು ಯಾರು? ಪಾಂಡವಪುರದ ಕಾರ್ಖಾನೆಯು ಕಷ್ಟಕ್ಕೆ ಸಿಕ್ಕಿ, 2020ರಲ್ಲಿ ನಿರಾಣಿ ಸಂಸ್ಥೆಗೆ 40 ವರ್ಷಗಳ ಗುತ್ತಿಗೆಗೆ ಹೋಯಿತು. ಕಾರಣಗಳು ಹಲವಿರಬಹುದು, ಷೇರುಪತ್ರವು ರೈತನ ಪೆಟ್ಟಿಗೆಯಲ್ಲಿದ್ದರೂ ಆಡಳಿತವು ಕೈಬಿಟ್ಟುಹೋದುದು ನಿಜ.

ದುಡಿಯುವವರೇ ಒಡೆಯರಾದ ನಿದರ್ಶನವು ಬೆಂಗಳೂರಿನಲ್ಲಿಯೇ ಉಂಟು. ಕಾಫಿ ಮಂಡಲಿಯು ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚತೊಡಗಲು, ಅಡಿಗೆಯವರೂ ಪರಿಚಾರಕರೂ ಬೀದಿಗೆ ಬೀಳುವ ಪ್ರಸಂಗ ಒದಗಿತು. ಆಗ ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ನೌಕರರೇ ಸಂಘ ಕಟ್ಟಿ ಹೌಸುಗಳನ್ನು ವಹಿಸಿಕೊಂಡರು. ಅಂತಹ ಸಂಘಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ತಟ್ಟೆ ತೊಳೆಯುವ ಸದಸ್ಯನಿಗೂ ಲೆಕ್ಕ ಬರೆಯುವ ಸದಸ್ಯನಿಗೂ ಅಲ್ಲಿ ಒಂದೊಂದೇ ಮತ. 2009ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯ ಹಳೆಯ ಸ್ಥಳವನ್ನು ಬಿಡಬೇಕಾಗಿ ಬಂದಾಗ, ಎದೆಗುಂದದೆ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಒಲೆ ಹೊತ್ತಿಸಿದರು. ಕಣ್ಣೂರಿನ ಕಡೆಯಲ್ಲಿಯೂ ಹಾಗೆಯೇ. 1968ರಲ್ಲಿ ಮಂಗಳೂರಿನ ಬೀಡಿ ಮಾಲಿಕರು ಅಲ್ಲಿಯ ಕೆಲಸವನ್ನು ನಿಲ್ಲಿಸಲು ಸಾವಿರಾರು ಮಂದಿ ನಿರುದ್ಯೋಗಿಗಳಾದರು. ಮರುವರ್ಷವೇ ಕೇರಳ ಸರ್ಕಾರದ ಸಾಲದ ನೆರವಿನಿಂದ ದಿನೇಶ್ ಬೀಡಿ ಸಂಘವು ಹುಟ್ಟಿತು. ಬೀಡಿಯ ಗಿರಾಕಿ ಕುಗ್ಗಿದ ತರುವಾಯ ಅವರು ಕೊಡೆ, ಆಹಾರಪದಾರ್ಥಗಳಿಗೂ ಕೈಹಾಕಿದರು.

ಕಾಫಿಗೂ ಬೀಡಿಗೂ ಕೈಚಳಕವೇ ಮುಖ್ಯ ಬಂಡವಳ. ಸಕ್ಕರೆಗೆ ಕೋಟಿಗಟ್ಟಲೆ ಹಣ ಬೇಕು. ಅದನ್ನು ಸಾಲ ತಂದರೆ ಸಾಲಗಾರನ ಮಾತೇ ನಡೆಯುವುದು. ಮೇಲಾಗಿ ಕಾರ್ಮಿಕನು ತನ್ನ ಉಳಿತಾಯವನ್ನೂ ಅದೇ ಕಾರ್ಖಾನೆಯಲ್ಲಿ ಹೂಡಿದಲ್ಲಿ, ಅದು ನಿಂತ ದಿನ ಕೂಲಿಯೂ ಹೋಯಿತು, ಗಂಟೂ ಹೋಯಿತು. ಇನ್ನೊಂದು ಅಪಾಯವು ಏಳಿಗೆಯಿಂದಲೇ ಬರುವುದು: ಲಾಭ ಕಂಡ ಸದಸ್ಯರು ಹೊಸಬರಿಗೆ ಸದಸ್ಯತ್ವ ಕೊಡದೆ ಕೂಲಿಗೆ ಇಟ್ಟುಕೊಳ್ಳುವರು. ಆಗ ನಿನ್ನೆಯ ಆಳೇ ಇಂದಿನ ಧಣಿ!

ಆದಕಾರಣ ಮಾಕವಳ್ಳಿಯ ಸುತ್ತಿನಲ್ಲಿ ಈ ಪ್ರಯೋಗಕ್ಕೆ ತಕ್ಕ ಸ್ಥಳವು ಕಾರ್ಖಾನೆಯ ಒಳಗಲ್ಲ, ಕಬ್ಬಿನ ಗದ್ದೆ. ಕಡಿಯುವ ತಂಡಕ್ಕೆ ಬೇಕಾದುದು ಮಚ್ಚು, ತೋಳು, ಸಾಗಿಸಲು ಗಾಡಿ. ಕಡಿಯುವವರು ಮೇಸ್ತ್ರಿಯಿಂದ ಮುಂಗಡ ಪಡೆದು ಅವನ ಲೆಕ್ಕಕ್ಕೆ ದುಡಿಯುವುದರ ಬದಲು, 1959ರ ಸಹಕಾರ ಸಂಘಗಳ ಕಾಯಿದೆಯ ಮೇರೆಗೆ ತಮ್ಮದೇ ಸಂಘವನ್ನು ನೋಂದಾಯಿಸಿ ನೇರವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಮೇಸ್ತ್ರಿಗೆ ಸಲ್ಲುತ್ತಿದ್ದ ಪಾಲು ಆಗ ಸಂಘದ ಮೀಸಲು ನಿಧಿಗೆ ಸೇರುವುದು. ತೊಡಕಿರುವುದು ಮೊದಲನೆಯ ವರ್ಷದಲ್ಲಿ: ಕಟಾವಿಗೆ ಮುಂಚೆ ಮನೆಯ ಖರ್ಚಿಗೆ ಬೇಕಾಗುವ ಆ ಮುಂಗಡವನ್ನು ಕೊಡುವವರು ಬೇಕು. ಅದನ್ನು ಜಿಲ್ಲಾ ಸಹಕಾರ ಬ್ಯಾಂಕಿನಲ್ಲಿ, ಬೇಸಾಯದ ಬೆಳೆಸಾಲದಂತೆಯೇ, ಹಂಗಾಮಿಗೆ ಮೊದಲು ಕೇಳತಕ್ಕದ್ದು.